ಜರ್ಮನಿಗೆ ಹೋಗ್ತಾ ಇದೀನಿ, ಒಳ್ಳೆ ಬಿಯರ್ ಎಲ್ಲಿ ಕೂತ್ಕೊಂಡ್ ಕುಡಿಯೋದು? ಹೋಗ್ ಬಂದವ್ರು ಹೇಳಿ

ಕಲ್ಪತರು_ನಾಡು (ತುಮಕೂರು)

ಎಲ್ರಿಗೂ ನಮಸ್ಕಾರ. ನಾನು ವಸಂತನರಸಾಪುರದಲ್ಲಿ ಒಂದು ಮಷಿನ್ ಪಾರ್ಟ್ಸ್ ಫ್ಯಾಕ್ಟರೀಲಿ ಕೆಲ್ಸ ಮಾಡೋದು. ಬರೋ ಸೆಪ್ಟೆಂಬರ್‌ನಲ್ಲಿ ಕಂಪನಿಯಿಂದ ಟ್ರೈನಿಂಗ್ ಅಂತ ಜರ್ಮನಿಯ ನ್ಯೂರೆಂಬರ್ಗ್‌ಗೆ ಕಳಿಸ್ತಾ ಇದಾರೆ, ಅದು ಮುಗಿದ್ಮೇಲೆ ಒಂದು ವಾರ ರಜೆ ಹಾಕ್ಕೊಂಡು ಸುತ್ತಾಡ್ಕೊಂಡ್ ಬರೋಣ ಅಂತ ಪ್ಲಾನು, ಆ ವಾರಕ್ಕೆ ಹೆಂಡ್ತೀನೂ ಬರ್ತಾಳೆ, ಗುಬ್ಬಿ ಕಡೆಯ ನನ್ ಸ್ನೇಹಿತ ಒಬ್ಬ ಅಲ್ಲಿಗೇ ಬಂದು ಸೇರ್ಕೋತಾನೆ.

ನಂಗೆ ಬಿಯರ್ ಅಂದ್ರೆ ತುಂಬಾ ಇಷ್ಟ, ಏರಿಸ್ಕೊಳ್ಳೋಕಲ್ಲ, ರುಚಿಗೆ. ಬೆಂಗ್ಳೂರಿನ ಬ್ರೂಪಬ್ಬಲ್ಲಿ ಹೆಫೆವೈಜೆನ್ ಕುಡಿದಾಗಿಂದ, ಅದೇ ಬಾಳೆಹಣ್ಣು ಲವಂಗದ ಘಮ ಬರೋ ಮಸುಕು ಗೋಧಿ ಬಿಯರ್, ಅದು ಹುಟ್ಟಿದ ಸೀಮೇಲೇ ಕೂತು ಒಂದ್ ಗ್ಲಾಸ್ ಕುಡೀಬೇಕು ಅನ್ನೋದು ತಲೇಲಿ ಕೂತ್ಬಿಟ್ಟಿದೆ. ಆದ್ರೆ ಹುಡುಕಿದ್ರೆ ಎಲ್ಲಿ ನೋಡಿದ್ರೂ ಮ್ಯೂನಿಕ್ಕಿನ ಹೋಫ್‌ಬ್ರಾಯ್‌ಹೌಸ್ ಬಿಯರ್ ಹಾಲು ಮತ್ತೆ ಆಕ್ಟೋಬರ್‌ಫೆಸ್ಟ್ ಬಿಯರ್ ಜಾತ್ರೆ, ಇವೆರಡೇ ಸಿಗೋದು, ಅಲ್ಲಿಯ ಜನ ದಿನಾ ಸಂಜೆ ಹೋಗಿ ಕೂರೋ ಜಾಗ ಯಾವ್ದು ಅಂತ ಯಾರೂ ಸರಿಯಾಗಿ ಹೇಳ್ತಾ ಇಲ್ಲ.

ಕೇಳ್ಬೇಕಾಗಿರೋದು ಏನಂದ್ರೆ, ಒಂದು ಊರಿಗೆ ಹೋದ್ರೆ ಒಳ್ಳೆ ಜಾಗ ಯಾವ್ದು ಅಂತ ಗುರುತು ಹಿಡಿಯೋದು ಹೆಂಗೆ, ಹೆಂಡ್ತೀನ ಕರ್ಕೊಂಡ್ ಹೋದ್ರೆ ಕಂಫರ್ಟಬಲ್ ಆಗಿರುತ್ತಾ, ಅವಳು ಕುಡಿಯಲ್ಲ. ಸ್ನೇಹಿತ ಬಿಯರ್ ಕುಡೀತಾನೆ ಆದ್ರೆ ಮಾಂಸ ಮೊಟ್ಟೆ ಎರಡೂ ಮುಟ್ಟಲ್ಲ, ಅವನಿಗೆ ಊಟಕ್ಕೆ ಏನು ಗತಿ. ಕೊನೇಲಿ ಕೊಲೋನ್‌ನಲ್ಲಿ ಇರೋ ಪರಿಚಯದವ್ರ ಮನೆಗೆ ಹೋಗ್ಬೇಕು, ಅಲ್ಲೇನಾದ್ರೂ ಇದ್ರೆ ಅದ್ನೂ ತಿಳಿಸಿ. ಭಾಷೆ ಬರಲ್ಲ, ಟ್ರೈನಿಂಗ್‌ಗೆ ಮುಂಚೆ ಸ್ವಲ್ಪ ಕಲಿಸ್ತಾರೆ ಅಷ್ಟೇ.

ಅಂತರಗಂಗೆ (ಕೋಲಾರ)

ಸಾರ್ ನಿಮ್ ಅದೃಷ್ಟ ನೋಡಿ, ಮ್ಯೂನಿಕ್ಕಿಗೆ ಕಳಿಸ್ದೆ ನ್ಯೂರೆಂಬರ್ಗ್‌ಗೆ ಕಳಿಸ್ತಾ ಇದಾರೆ! ನಾನು ಪಕ್ಕದ ಎರ್‌ಲಾಂಗೆನ್‌ನಲ್ಲಿ ಎಂಎಸ್ ಓದಿ ಅಲ್ಲೇ ಸ್ವಲ್ಪ ಕಾಲ ಕೆಲ್ಸ ಮಾಡಿ ಬಂದವ್ನು, ಆ ಸೀಮೆಗೆ ಫ್ರಾಂಕೋನಿಯಾ ಅಂತಾರೆ, ಬವೇರಿಯಾ ರಾಜ್ಯದ ಉತ್ತರ ಭಾಗ, ಇಡೀ ಜರ್ಮನೀಲಿ ಚಿಕ್ಕ ಚಿಕ್ಕ ಬ್ರೂವರಿಗಳು ಇಷ್ಟು ಒತ್ತೊತ್ತಾಗಿ ಇರೋ ಜಾಗ ಬೇರೆ ಇಲ್ಲ. ಔಫ್‌ಸೆಸ್ ಅಂತ ಒಂದು ಪಂಚಾಯ್ತಿ ಇದೆ, ಜನಸಂಖ್ಯೆ ಒಂದೂವರೆ ಸಾವಿರಾನೂ ಇಲ್ಲ, ಅಷ್ಟರಲ್ಲಿ ನಾಲ್ಕು ಬ್ರೂವರಿ, ಒಂದರಿಂದ ಇನ್ನೊಂದಕ್ಕೆ ಹೊಲ ಕಾಡು ದಾಟ್ಕೊಂಡು ನಡ್ಕೊಂಡ್ ಹೋಗೋಕೆ ಒಂದು ದಾರೀನೇ ಗುರ್ತು ಹಾಕಿದಾರೆ.

ಮೊದ್ಲು ಒಂದು ವಿಷ್ಯ ತಲೇಲಿ ಇಟ್ಕೊಳಿ, ಜರ್ಮನೀಲಿ ಬ್ರ್ಯಾಂಡ್ ಲಿಸ್ಟ್ ಇಟ್ಕೊಂಡು ಓಡಾಡ್ಬೇಡಿ. ಪ್ರತಿ ಊರಿಗೂ ಅದರದ್ದೇ ಬಿಯರ್ ಇರುತ್ತೆ, ರೈಲಲ್ಲಿ ಮುಕ್ಕಾಲು ಗಂಟೆ ಹೋದ್ರೆ ಬಣ್ಣ ಬೇರೆ ರುಚಿ ಬೇರೆ ಗ್ಲಾಸ್ ಬೇರೆ, ಆ ಊರಲ್ಲಿ ಕಾಯ್ಸಿದ್ದನ್ನ ಆ ಊರಲ್ಲೇ ಕುಡೀರಿ, ಬೋರ್ಡ್ ಮೇಲೆ ಬ್ರಾಯ್, ಬ್ರೌಹೌಸ್, ಹೌಸ್‌ಬ್ರೌವರೈ ಅಂತ ಇದ್ದು ಹಿಂದ್ಗಡೆ ನಿಜವಾಗ್ಲೂ ಬ್ರೂವರಿ ಇದ್ರೆ ಒಳಗೆ ಹೋಗಿ. ಮೆನು ಜರ್ಮನ್‌ನಲ್ಲಿ ಮಾತ್ರ ಇದ್ದು, ಟೇಬಲ್‌ನಲ್ಲಿ ವಯಸ್ಸಾದವ್ರು ಇಸ್ಪೀಟ್ ಆಡ್ತಾ ಕೂತಿದ್ರೆ ಅದು ಒಳ್ಳೆ ಜಾಗಾನೇ. ಮೆನು ಹನ್ನೆರಡು ಭಾಷೇಲಿ ಫೋಟೋ ಸಮೇತ ಹೊರಗೆ ನಿಲ್ಸಿದ್ರೆ ಮುಂದೆ ನಡೀರಿ.

ನ್ಯೂರೆಂಬರ್ಗ್ ಒಳಗೆ ಕೋಟೆ ಕೆಳಗೆ ಬೆರ್ಗ್‌ಸ್ಟ್ರಾಸೆ ಅನ್ನೋ ಬೀದೀಲಿ ಆಲ್ಟ್‌ಷ್ಟಾಟ್‌ಹೋಫ್ ಅಂತ ಹೌಸ್ ಬ್ರೂವರಿ ಇದೆ, ಅವರ ಕೆಂಪು ಬಿಯರ್, ರೋಟ್‌ಬಿಯರ್ ಅಂತಾರೆ, ಆ ಊರಿನ ಹಳೇ ಶೈಲಿ, ಟ್ರೈನಿಂಗ್ ಮುಗಿಸ್ಕೊಂಡು ಸಂಜೆ ಹೋಗೋಕೆ ಸರಿಯಾಗಿದೆ. ಅಲ್ಲೇ ಬಂಡೆ ಕೊರೆದು ಮಾಡಿರೋ ಹಳೇ ನೆಲಮಾಳಿಗೆಗಳಿಗೂ ಟೂರ್ ಇದೆ, ಬಿಯರ್ ತಂಪಾಗಿಡೋಕೆ ಅಂತ ಮಾಡಿದ್ದು, ಹೆಂಡ್ತೀನ ಕರ್ಕೊಂಡ್ ಹೋಗಿ, ಅವ್ರಿಗೂ ಇಷ್ಟ ಆಗುತ್ತೆ.

ಆಮೇಲೆ ಬಾಂಬರ್ಗ್. ಇದನ್ನ ಮಾತ್ರ ಬಿಡ್ಲೇಬೇಡಿ. ನ್ಯೂರೆಂಬರ್ಗ್‌ನಿಂದ ಲೋಕಲ್ ರೈಲಲ್ಲಿ ಮುಕ್ಕಾಲು ಗಂಟೆ ಆಸುಪಾಸು, ಹಳೇ ಊರು ಪೂರ್ತಿ 1993ರಿಂದ ಯುನೆಸ್ಕೋ ಪಟ್ಟೀಲಿದೆ. ಅಲ್ಲಿಯ ವಿಶೇಷ ಹೊಗೆ ಬಿಯರ್, ರೌಖ್‌ಬಿಯರ್. ಬಾರ್ಲಿ ಮೊಳಕೆ ಬರ್ಸಿದ್ಮೇಲೆ ಒಣಗಿಸ್ಬೇಕಲ್ವಾ, ಹಿಂದಿನ ಕಾಲದಲ್ಲಿ ಎಲ್ಲಾ ಕಡೆ ಸೌದೆ ಉರೀಲೇ ಒಣಗಿಸ್ತಾ ಇದ್ರು, ಹೊಗೆ ತಾಗದ ಹಾಗೆ ಒಣಗಿಸೋ ಗೂಡು ಬಂದ್ಮೇಲೆ ಊರೂರು ಆ ಪದ್ಧತಿ ಬಿಟ್ಟುಬಿಡ್ತು, ಬಾಂಬರ್ಗ್‌ನ ಎರಡು ಮನೆತನ ಮಾತ್ರ ಬೀಚ್ ಮರದ ಬೆಂಕೀಲಿ ಒಣಗಿಸೋದನ್ನ ಬಿಡ್ಲಿಲ್ಲ, ಶ್ಲೆಂಕರ್ಲಾ ಮತ್ತೆ ಶ್ಪೆಟ್ಸಿಯಾಲ್. ಶ್ಲೆಂಕರ್ಲಾ ಕೆತೆಡ್ರಲ್ ಬೆಟ್ಟದ ಕೆಳಗೇ ಇದೆ, ಕಪ್ಪು ತೊಲೆಗಳ ಹಳೇ ಕೋಣೆ, ಮರದ ಪೀಪಾಯಿಂದ ನೇರ ಗ್ಲಾಸಿಗೆ ಬರುತ್ತೆ. ಮೊದಲ್ನೇ ಗುಟುಕಿಗೆ ಹೊಗೆ ವಾಸನೆ ಬಡಿಯುತ್ತೆ, ಏನಪ್ಪಾ ಇದು ಅನ್ಸುತ್ತೆ, ಗ್ಲಾಸ್ ಅರ್ಧ ಆಗೋಷ್ಟರಲ್ಲಿ ನಾಲಿಗೆ ಒಪ್ಕೊಂಡಿರುತ್ತೆ, ಆಮೇಲೆ ಮಾಲ್ಟಿನ, ಅಂದ್ರೆ ಆ ಮೊಳಕೆ ಬಾರ್ಲಿಯ, ಸಿಹಿ ಗೊತ್ತಾಗೋಕೆ ಶುರು ಆಗುತ್ತೆ. ಆತುರ ಮಾಡಿ ಅರ್ಧಕ್ಕೆ ಬಿಟ್ಟು ಏಳ್ಬೇಡಿ. ಹೊಗೆ ಕಮ್ಮಿ ಇರ್ಲಿ ಅಂದ್ರೆ ಶ್ಪೆಟ್ಸಿಯಾಲ್, ಸ್ಟೇಷನ್ನಿಂದ ಹಳೇ ಊರಿಗೆ ನಡ್ಕೊಂಡು ಹೋಗೋ ದಾರೀಲೇ ಸಿಗುತ್ತೆ, ಎದುರುಗಡೆ ಫೆಸ್ಲಾ ಅಂತ ಇನ್ನೊಂದು ಬ್ರೂವರಿ. ಊರಿನ ಇನ್ನೊಂದು ಮೂಲೆ ವುಂಡರ್‌ಬುರ್ಗ್‌ನಲ್ಲೂ ಹಿಂಗೇ ಮಾರ್ಸ್ ಮತ್ತೆ ಕೇಸ್ಮನ್ ಎದುರು ಬದುರು. ಫೆಸ್ಲಾ, ಮಾರ್ಸ್, ಕೇಸ್ಮನ್ ಮೂರ್ರಲ್ಲೂ ಮಾಮೂಲಿಯಾಗಿ ಕುಡಿಯೋದು ಹೊಗೆ ಇಲ್ಲದ ಬಿಯರ್ರೇ.

ಬಾಂಬರ್ಗ್‌ಗೆ ಹೋಗೋ ದಾರೀಲೇ ಫೋರ್ಖ್‌ಹೈಮ್ ಸಿಗುತ್ತೆ, ಅಲ್ಲಿ ಊರ ಪಕ್ಕದ ಗುಡ್ಡದ ಕಾಡಲ್ಲಿ ಕೆಲ್ಲರ್‌ವಾಲ್ಡ್ ಅಂತ, ಮರಗಳ ಕೆಳಗೆ ಸಾಲಾಗಿ ಬಿಯರ್ ಕುಡಿಯೋ ಜಾಗಗಳು. ನಮ್ಗೆ ಕೆಲ್ಲರ್ ಅಂದ್ರೆ ನೆಲಮಾಳಿಗೆ ಅನ್ಸುತ್ತೆ, ಆದ್ರೆ ಕೂರೋದು ಅದರ ಮೇಲ್ಗಡೆ ಬಯಲಲ್ಲಿ. ಫ್ರಿಜ್ ಇಲ್ಲದ ಕಾಲ, ಬೇಸಿಗೇಲಿ ಬಿಯರ್ ಕೆಡುತ್ತೆ ಅಂತ 1553ರಲ್ಲಿ ಬವೇರಿಯಾದ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರ್ ಕಾಯ್ಸೋಂಗಿಲ್ಲ ಅಂದ, ಹಂಗಾಗಿ ಮಾರ್ಚಲ್ಲೇ ಮಾಡಿ ಗುಡ್ಡದಲ್ಲಿ ನೆಲಮಾಳಿಗೆ ತೋಡಿ ಇಡ್ತಾ ಇದ್ರು, ಬಿಸಿಲು ಬೀಳ್ದಿರ್ಲಿ ಅಂತ ಬ್ರೂವರಿಯವ್ರು ಅಗಲ ಎಲೆಯ ಚೆಸ್ಟ್‌ನಟ್ ಮರಾನೂ ನೆಡ್ತಾ ಇದ್ರು, ನೆರಳಾಯ್ತು, ತಂಪು ಬಿಯರ್ ಕೆಳಗೇ ಇದೆ, ಜನ ಅಲ್ಲೇ ಬಂದು ಕೂತ್ರು. ಬಿಯರ್ ಗಾರ್ಡನ್ ಅನ್ನೋದು ಹುಟ್ಟಿದ್ದೇ ಹಿಂಗೆ.

ಅಲ್ಲಿ ಅರ್ಧ ಲೀಟರಿಗೆ ಸೈಡ್ಲಾ ಅಂತಾರೆ, 'ಐನ್ ಸೈಡ್ಲಾ ಬಿಟ್ಟೆ' (ಒಂದು ಸೈಡ್ಲಾ ಕೊಡಿ) ಅಂದ್ರೆ ಸಾಕು ಅವ್ರ ಮುಖ ಅರಳುತ್ತೆ. ಹಳ್ಳಿ ಕಡೆ ರೇಟು ಮ್ಯೂನಿಕ್ಕಿಗಿಂತ ಎಷ್ಟೋ ಕಮ್ಮಿ. ಕ್ಯಾಶ್ ಇಟ್ಕೊಳಿ, ಕಾರ್ಡ್ ತಗೊಳ್ಳದ ಜಾಗ ಇನ್ನೂ ಬೇಕಾದಷ್ಟಿದೆ. ಮತ್ತೆ ವಾರದಲ್ಲಿ ಒಂದೆರಡು ದಿನ ರೂಹೆಟಾಗ್ ಅಂತ ಬಾಗಿಲು ಹಾಕಿರ್ತಾರೆ, ಸುಮಾರು ಕಡೆ ಸೋಮವಾರ ಮಂಗಳವಾರ, ಹೋಗೋಕೆ ಮುಂಚೆ ನೋಡ್ಕೊಳಿ.

ಶಿರಾ_ಗೇಟ್ (ತುಮಕೂರು)

ಎಲ್ಲಾ ಸರಿ ಗುರು, ಆದ್ರೆ ಸೆಪ್ಟೆಂಬರ್‌ನಲ್ಲಿ ಜರ್ಮನಿಗೆ ಹೋಗಿ ಆಕ್ಟೋಬರ್‌ಫೆಸ್ಟ್ ನೋಡ್ದೆ ಬರೋದಾ? ಹೆಸ್ರು ಆಕ್ಟೋಬರ್ ಆದ್ರೂ ಶುರು ಆಗೋದು ಸೆಪ್ಟೆಂಬರ್ 15ರ ಮೇಲಿನ ಶನಿವಾರ. 1810ರಲ್ಲಿ ಯುವರಾಜನ ಮದ್ವೆ ಸಂಭ್ರಮದಿಂದ ಶುರು ಆಗಿದ್ದು, ಮೈದಾನಕ್ಕೆ ಎಂಟ್ರಿ ಫ್ರೀ, ಟೆಂಟ್ ಒಳಗೆ ಬ್ಯಾಂಡು ಹಾಡು ಕುಣಿತ, ಮ್ಯೂನಿಕ್ಕಿನ ಆರು ಬ್ರೂವರಿಯವ್ರು ಮಾತ್ರ ಬಿಯರ್ ಕೊಡ್ತಾರೆ, ಔಗುಸ್ಟೀನರ್, ಹಾಕರ್ ಶೋರ್, ಹೋಫ್‌ಬ್ರಾಯ್, ಲ್ಯೋವನ್‌ಬ್ರಾಯ್, ಪೌಲಾನರ್, ಶ್ಪಾಟನ್. ಎಲ್ಲಾ ಟೆಂಟಲ್ಲೂ ರಿಸರ್ವ್ ಮಾಡದೇ ಇರೋ ಟೇಬಲ್ ಇರುತ್ತೆ, ವಾರದ ಮಧ್ಯ ಬೆಳಗ್ಗೆ ಹನ್ನೊಂದಕ್ಕೆಲ್ಲಾ ಹೋದ್ರೆ ಜಾಗ ಸಿಗುತ್ತೆ. ಜೀವನದಲ್ಲಿ ಒಂದ್ಸಲ ನೋಡೋ ಜಾತ್ರೆ ಅದು, ನನ್ ಪ್ರಕಾರ ಬಿಡ್ಬೇಡಿ.

ಅಂತರಗಂಗೆ (ಕೋಲಾರ)

ಜಾತ್ರೆ ನೋಡ್ಬೇಕು ಅಂದ್ರೆ ಒಂದು ಮಧ್ಯಾಹ್ನ ಹೋಗ್ಲಿ, ಬೇಡ ಅನ್ನಲ್ಲ. ಅವ್ರು ಕೇಳಿರೋದು ಬಿಯರ್ ರುಚಿ, ಜನ ದಿನಾ ಕೂರೋ ಜಾಗ. 2025ರಲ್ಲೇ ಅಲ್ಲಿ ಒಂದು ಲೀಟರ್ ಗ್ಲಾಸಿಗೆ (ಮಾಸ್ ಅಂತಾರೆ) 14.50ರಿಂದ 15.80 ಯೂರೋ ಇತ್ತು, ಅರ್ಧ ಲೀಟರ್ ಸಿಗೋದೇ ಇಲ್ಲ ಅನ್ಬೋದು, ಬಿಯರ್ ಶೇಕಡಾ 6ರ ಹತ್ರ ಸ್ಟ್ರಾಂಗು, ಆ ಸಮಯದಲ್ಲಿ ಮ್ಯೂನಿಕ್ ಹೋಟೆಲ್ ರೂಮ್ ರೇಟು ಕೇಳೋದೇ ಬೇಡ. ಆ ದುಡ್ಡಲ್ಲಿ ಫ್ರಾಂಕೋನಿಯಾದಲ್ಲಿ ಮೂರು ಜನ ಊಟ ಮಾಡಿ ಬಿಯರ್ ಕುಡಿದು ರೈಲು ಹತ್ತಿ ವಾಪಸ್ ಬರ್ಬೋದು. ಹೆಂಡ್ತಿ ಕುಡಿಯಲ್ಲ ಅಂತಾರೆ, ಸಂಜೆ ಟೆಂಟ್ ಒಳಗೆ ಎಲ್ರೂ ಬೆಂಚ್ ಹತ್ತಿ ನಿಂತಿರೋವಾಗ ಅವ್ರಿಗೆ ಕಷ್ಟ ಆಗುತ್ತೆ. ಹೋಗೋದಾದ್ರೆ ಬೆಳಗ್ಗೆ ಹೋಗಿ, ದೊಡ್ಡ ಬ್ಯಾಗ್ ಬಿಡಲ್ಲ, ಸಂಜೆ ಆಗೋಕೆ ಮುಂಚೆ ಹೊರಟುಬಿಡಿ.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ನಮ್ಮೆಜಮಾನ್ರ ಕೆಲ್ಸದ ಮೇಲೆ ಮ್ಯೂನಿಕ್‌ನಲ್ಲಿ ಇದ್ದು ಬಂದವಳು ನಾನು, ಹೆಂಡ್ತಿ ಕಂಫರ್ಟಬಲ್ ಆಗಿರ್ತಾರಾ ಅನ್ನೋ ಪ್ರಶ್ನೆಗೆ ಉತ್ರ ಹೇಳ್ಬೇಕು ಅಂತಾನೇ ಬರೀತಾ ಇದೀನಿ. ಧೈರ್ಯವಾಗಿ ಕರ್ಕೊಂಡ್ ಹೋಗಿ. ನಮ್ ಕಡೆ ಹೈವೇ ಪಕ್ಕ ಕರ್ಟನ್ ಹಾಕಿ ಕತ್ತಲೆ ಮಾಡಿರೋ ಬಾರ್ ನೋಡಿ ಬೆಳೆದವ್ರಿಗೆ ಬಿಯರ್ ಕುಡಿಯೋ ಜಾಗ ಅಂದ್ರೆ ಹೆಂಗಸ್ರು ತಲೆ ಹಾಕೋ ಜಾಗ ಅಲ್ಲ ಅಂತ ಮನಸ್ಸಲ್ಲಿ ಇರುತ್ತೆ, ಅಲ್ಲಿ ಬಿಯರ್ ಗಾರ್ಡನ್ ಅಂದ್ರೆ ಹಗಲು ಬೆಳಕಲ್ಲಿ, ಮರದ ಕೆಳಗೆ, ಅಜ್ಜಿ ತಾತ ಮೊಮ್ಮಕ್ಕಳು ನಾಯಿ ಸಮೇತ ಬರ್ತಾರೆ, ಮಕ್ಕಳಿಗೆ ಆಡೋಕೆ ಜಾರುಬಂಡೆ ಇರುತ್ತೆ. ನಾನು ಒಬ್ಳೇ ಪುಸ್ತಕ ಹಿಡ್ಕೊಂಡು ಎಷ್ಟೋ ಮಧ್ಯಾಹ್ನ ಹೋಗಿ ಕೂತಿದೀನಿ, ಒಬ್ರೂ ತಿರುಗಿ ನೋಡ್ಲಿಲ್ಲ, ಆ ನೆಮ್ಮದಿ ನಮ್ ಊರ ಹೆಂಗಸ್ರಿಗೂ ಸಿಗ್ಲಿ ಅಂತ ನಂಗೆ ನಿಜವಾಗ್ಲೂ ಆಸೆ. ಕುಡಿಯದೇ ಇರೋವ್ರಿಗೆ ಆಪಲ್ ಜ್ಯೂಸಿಗೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ, ಕೋಲಾ ಆರೆಂಜ್ ಬೆರೆಸಿದ ಶ್ಪೆಟ್ಸಿ, ಎಲ್ಲಾ ಕಡೆ ಸಿಗುತ್ತೆ, ಆಲ್ಕೊಹಾಲ್‌ಫ್ರೈ ಅಂದ್ರೆ ಆಲ್ಕೊಹಾಲ್ ಇಲ್ಲದ ಬಿಯರ್ ಕೂಡ ತುಂಬಾ ಚೆನ್ನಾಗಿ ಮಾಡ್ತಾರೆ, ಆದ್ರೆ ಅದ್ರಲ್ಲಿ ಶೇಕಡಾ 0.5ರ ತನಕ ಇರ್ಬೋದು, ಪೂರ್ತಿ ಬೇಡ ಅನ್ನೋವ್ರು 0.0 ಅಂತ ಬರೆದಿರೋದನ್ನೇ ನೋಡಿ ತಗೊಳಿ.

ಈಗ ಊಟದ ವಿಷ್ಯ. ಬವೇರಿಯಾದ ಬಿಯರ್ ಗಾರ್ಡನ್‌ನಲ್ಲಿ ನಿಮ್ ಊಟ ನೀವೇ ಕಟ್ಕೊಂಡ್ ಹೋಗ್ಬೋದು! 1812ರಲ್ಲಿ ರಾಜ ಮೊದಲನೇ ಮ್ಯಾಕ್ಸಿಮಿಲಿಯನ್ ಜೋಸೆಫ್ ಬ್ರೂವರಿಯವ್ರಿಗೆ ನೆಲಮಾಳಿಗೆ ಮೇಲೆ ಬಿಯರ್ ಮಾರ್ಬೋದು, ಬ್ರೆಡ್ ಬಿಟ್ಟು ಊಟ ಮಾರೋಂಗಿಲ್ಲ ಅಂತ ಆಜ್ಞೆ ಮಾಡಿದ, ಹೋಟೆಲ್‌ನವ್ರ ಜಗಳ ಬಗೆಹರಿಸೋಕೆ. ಅವಾಗಿಂದ ಜನ ಬುತ್ತಿ ಕಟ್ಕೊಂಡು ಹೋಗೋ ರೂಢಿ ಬಂತು, ಬವೇರಿಯಾ ಸರ್ಕಾರದ 1999ರ ಬಿಯರ್ ಗಾರ್ಡನ್ ಕಾನೂನಲ್ಲೂ ಅದು ಉಳ್ಕೊಂಡಿದೆ. ನಾವು ಭಾನುವಾರ ದೇವರಾಯನದುರ್ಗಕ್ಕೆ ಪುಳಿಯೋಗರೆ ಮೊಸರನ್ನ ಕಟ್ಕೊಂಡ್ ಹೋಗಿ ಮರದ ಕೆಳಗೆ ಬಿಚ್ಚಿ ಕೂರಲ್ವಾ, ಅದೇ ಥರ, ಅವ್ರು ಬುಟ್ಟೀಲಿ ಟೇಬಲ್ ಕ್ಲಾತ್ ಸಮೇತ ತರ್ತಾರೆ. ರೂಲ್ ಇಷ್ಟೇ, ಟೇಬಲ್ ಮೇಲೆ ಬಟ್ಟೆ ಹಾಸಿ ಚಾಕು ಫೋರ್ಕ್ ಇಟ್ಟಿದ್ರೆ ಅದು ಸರ್ವಿಸ್ ಜಾಗ, ಅಲ್ಲಿ ಮನೆ ಊಟ ಬಿಚ್ಚೋಂಗಿಲ್ಲ, ಬರೀ ಮರದ ಟೇಬಲ್ ಇರೋ ಸೆಲ್ಫ್ ಸರ್ವಿಸ್ ಕಡೆ ಕೂತ್ಕೊಳಿ, ಬಿಯರ್ ಮಾತ್ರ ಅವ್ರ ಹತ್ರಾನೇ ತಗೋಬೇಕು. ಚಪಾತಿ ಚಟ್ನಿಪುಡಿ ಕಡ್ಲೆಕಾಯಿ ಬೀಜ ಆರಾಮಾಗಿ ತಗೊಂಡ್ ಹೋಗಿ, ಆದ್ರೆ ಇಲ್ಲಿಂದ ಹೋಗೋವಾಗ ತುಪ್ಪ, ಹಾಲಿನ ಸ್ವೀಟು, ಮಾಂಸದ್ದು ಯಾವ್ದೂ ಲಗೇಜಲ್ಲಿ ಇಡ್ಬೇಡಿ, ಯೂರೋಪಿನೊಳಗೆ ಬಿಡಲ್ಲ.

ಅಲ್ಲೇ ತಿನ್ನೋದಾದ್ರೆ ನಿಮ್ ಸ್ನೇಹಿತರಿಗೆ ಒಬಾಟ್ಸ್‌ಡಾ ಅಂತ ಚೀಸ್ ಬೆಣ್ಣೆ ಪಾಪ್ರಿಕಾ ಕಲ್ಸಿರೋದು ಸಿಗುತ್ತೆ, ರಾಡಿ ಅಂದ್ರೆ ನಮ್ ಮೂಲಂಗೀನೇ ಸುರುಳಿ ಸುರುಳಿ ಹೆಚ್ಚಿ ಉಪ್ಪು ಹಾಕಿ ಕೊಡ್ತಾರೆ, ಬಿಯರಿಗೆ ಅದಕ್ಕಿಂತ ಒಳ್ಳೆ ಜೋಡಿ ನಾನ್ ಕಂಡಿಲ್ಲ. ಬ್ರೆಟ್ಸನ್, ಅದೇ ಗಂಟು ಹಾಕಿದ ಥರದ ಬ್ರೆಡ್ಡು, ಕೆಲವು ಕಡೆ ಹಂದಿ ಕೊಬ್ಬು ಹಾಕಿ ಮಾಡ್ತಾರೆ, ಕೇಳಿ ತಗೊಳಿ. ಆಲೂಗಡ್ಡೆ ಸಲಾಡ್ ನೋಡೋಕೆ ವೆಜ್ ಥರ ಇದ್ರೂ ಆ ಕಡೆ ಮಾಂಸದ ಸ್ಟಾಕ್ ಹಾಕೋದು ರೂಢಿ, ಹುಳಿ ಎಲೆಕೋಸಿನ ಸೌರ್‌ಕ್ರೌಟ್‌ನಲ್ಲಿ ಹಂದಿ ಮಾಂಸದ ಬೇಕನ್ ಇರ್ಬೋದು, ಚೀಸ್ ನೂಡಲ್ಸ್ ಥರದ ಕೇಸೆಶ್ಪೆಟ್ಸ್ಲೆಗೆ ಮೊಟ್ಟೆ, ಬ್ರೆಡ್ಡಿನ ಉಂಡೆ ಕ್ನ್ಯೋಡೆಲ್‌ಗೂ ಮೊಟ್ಟೆ. 'ಓನೆ ಫ್ಲೈಶ್, ಓನೆ ಐ' (ಮಾಂಸ ಇಲ್ದೆ, ಮೊಟ್ಟೆ ಇಲ್ದೆ) ಅಂತ ಹೇಳೋದು ಕಲ್ತ್ಕೊಳಿ.

ಮ್ಯೂನಿಕ್‌ಗೆ ಒಂದಿನ ಬರೋದಾದ್ರೆ ಹೋಫ್‌ಬ್ರಾಯ್‌ಹೌಸ್ ಒಳಗೆ ಒಂದು ರೌಂಡ್ ಹಾಕಿ, 1589ರಲ್ಲಿ ಶುರು ಆದ ಬ್ರೂವರಿ, ಕಟ್ಟಡ ನೋಡೋಕೆ ಚೆನ್ನಾಗಿದೆ, ಆದ್ರೆ ಕೂರೋಕೆ ಸ್ಟೇಷನ್ನಿಂದ ನಡೆಯೋ ದೂರದಲ್ಲಿರೋ ಔಗುಸ್ಟೀನರ್ ಕೆಲ್ಲರ್‌ಗೆ ಹೋಗಿ. ಔಗುಸ್ಟೀನರ್ 1328ರಿಂದ ಇರೋ ಬ್ರೂವರಿ, ಜಾಹೀರಾತು ಕೊಡೋದೇ ಇಲ್ಲ, ಮ್ಯೂನಿಕ್ ಜನಕ್ಕೆ ಅದರ ಮೇಲೆ ಬಹಳ ಪ್ರೀತಿ, ಅಲ್ಲಿ ಮರದ ಪೀಪಾಯಿಂದ ಕೊಡ್ತಾರೆ. ಇನ್ನೂ ದೊಡ್ಡದು ಬೇಕಾದ್ರೆ ಹಿರ್ಷ್‌ಗಾರ್ಟನ್, 8000 ಜನ ಕೂರ್ಬೋದು, ಗ್ಲಾಸ್ ನೀವೇ ಎತ್ಕೊಂಡು ತೊಳ್ಕೊಂಡು ಕೌಂಟರಿಗೆ ಹೋಗ್ಬೇಕು, ಪಕ್ಕದಲ್ಲಿ ಬೇಲಿ ಒಳಗೆ ಜಿಂಕೆಗಳಿರುತ್ತೆ. ಸುಮಾರು ಕಡೆ ಗ್ಲಾಸಿಗೆ ಡೆಪಾಸಿಟ್ ತಗೋತಾರೆ, ವಾಪಸ್ ಕೊಟ್ಟಾಗ ದುಡ್ಡು ಇಸ್ಕೊಳೋದು ಮರೀಬೇಡಿ.

ಜಾಗ ತುಂಬಿದ್ರೆ ಬೇರೆಯವ್ರ ಟೇಬಲ್‌ಗೆ ಹೋಗಿ 'ಇಸ್ಟ್ ಹಿಯರ್ ನೋಖ್ ಫ್ರೈ' (ಇಲ್ಲಿ ಜಾಗ ಖಾಲಿ ಇದೆಯಾ) ಅಂತ ಕೇಳಿ ಕೂತ್ಕೋಬೇಕು, ಅದು ತಪ್ಪಲ್ಲ, ಅಲ್ಲಿಯ ಪದ್ಧತೀನೇ ಅದು. ಷ್ಟಾಮ್‌ಟಿಷ್ ಅಂತ ಬೋರ್ಡ್ ಇರೋ ಟೇಬಲ್ ಮಾತ್ರ ಬಿಟ್ಟುಬಿಡಿ, ದಿನಾ ಬರೋ ಊರವ್ರಿಗೆ ಮೀಸಲು.

ಬಂಗಾರಪೇಟೆ_ಜಂಕ್ಷನ್ (ಕೋಲಾರ)

ಕೊಲೋನ್ ಬಗ್ಗೆ ನಾನ್ ಹೇಳ್ತೀನಿ. ನ್ಯೂರೆಂಬರ್ಗ್‌ನಿಂದ ಐಸಿಇ ಅನ್ನೋ ಫಾಸ್ಟ್ ರೈಲಲ್ಲಿ ಮೂರೂವರೆ ಗಂಟೆ ಹತ್ರ ಆಗುತ್ತೆ. ಅಲ್ಲಿ ಇಳಿದ್ರೆ ಬವೇರಿಯಾದ ಲೀಟರ್ ಗ್ಲಾಸ್ ಎಲ್ಲಾ ಮರೆತ್ಬಿಡಿ, ಕ್ಯೋಲ್ಷ್ ಅನ್ನೋ ತಿಳಿ ಚಿನ್ನದ ಬಣ್ಣದ ಬಿಯರ್, 0.2 ಲೀಟರಿನ ಸಣ್ಣ ನೀಟಾದ ಗ್ಲಾಸಲ್ಲಿ. ಎಷ್ಟು ಚಿಕ್ಕದು ಅಂತ ಬೇಜಾರ್ ಮಾಡ್ಕೋಬೇಡಿ, ಖಾಲಿ ಆದ ತಕ್ಷಣ ಕೇಳ್ದೇನೇ ಇನ್ನೊಂದು ಇಟ್ಟು, ಗ್ಲಾಸ್ ಕೆಳಗಿಡೋ ಕೋಸ್ಟರ್ ಮೇಲೆ ಪೆನ್ಸಿಲಲ್ಲಿ ಗೀಟು ಎಳೆದು ಹೋಗ್ತಾರೆ, ಹಂಗಾಗಿ ಯಾವಾಗ್ಲೂ ತಣ್ಣಗೆ ಫ್ರೆಶ್ಶಾಗಿ ನೊರೆ ಸಮೇತ ಇರುತ್ತೆ. ಸರ್ವ್ ಮಾಡೋವ್ರಿಗೆ ಕ್ಯೋಬೆಸ್ ಅಂತಾರೆ, ನೀಲಿ ಏಪ್ರನ್ ಹಾಕಿರ್ತಾರೆ, ಮಾತು ಸ್ವಲ್ಪ ಒರಟು, ಮನಸ್ಸಿಗೆ ತಗೋಬೇಡಿ. ಸಾಕು ಅನ್ಸಿದ್ರೆ ಕೋಸ್ಟರ್ ಎತ್ತಿ ಗ್ಲಾಸ್ ಮೇಲೆ ಮುಚ್ಚಿ, ಅಷ್ಟೇ, ಗೀಟು ಎಣಿಸಿ ದುಡ್ಡು ತಗೋತಾರೆ.

ಇಲ್ಲಿ ಒಂದು ಮಾತು. ಬವೇರಿಯಾದಲ್ಲಿ ಸೆಪ್ಟೆಂಬರ್‌ನಲ್ಲಿ ಕಣಜ ಕಾಟ ಜಾಸ್ತಿ, ಗ್ಲಾಸ್ ಒಳಗೆ ಬೀಳುತ್ತೆ ಅಂತ ಎಲ್ರೂ ಕೋಸ್ಟರ್ ಮುಚ್ಚಿ ಇಟ್ಕೋತಾರೆ, ಆ ಅಭ್ಯಾಸದಲ್ಲೇ ಕೊಲೋನ್‌ನಲ್ಲೂ ಮುಚ್ಚಿದ್ರೆ ಬಿಲ್ ಬರುತ್ತೆ!

ಕೆತೆಡ್ರಲ್ ಪಕ್ಕದಲ್ಲೇ ಫ್ರ್ಯೂ ಇದೆ, ದೊಡ್ಡದು, ಟೂರಿಸ್ಟ್ ಇದ್ರೂ ಬಿಯರ್ ಚೆನ್ನಾಗೇ ಇರುತ್ತೆ. ನಂಗೆ ಇಷ್ಟ ಫ್ರೀಜೆನ್‌ಸ್ಟ್ರಾಸೆಯ ಪೆಫ್ಗೆನ್, 1883ರಿಂದ ಇರೋದು, ಮರದ ಪೀಪಾಯಿ ಕೌಂಟರ್ ಮೇಲೆ ಇಟ್ಟು ಬಿಡ್ತಾರೆ, ಬೇರೆ ಕ್ಯೋಲ್ಷ್‌ಗಿಂತ ಹಾಪ್ಸ್ ಹೂವಿನ ಕಹಿ ಸ್ವಲ್ಪ ಮುಂದೆ ಬರುತ್ತೆ. ಹೋಯ್‌ಮಾರ್ಕ್ಟ್ ಹತ್ರ ಮಾಲ್ಟ್ಸ್‌ಮ್ಯೂಲೆ ಕೂಡ ಒಳ್ಳೇದು. ವೆಜ್ ಸ್ನೇಹಿತರಿಗೆ ಹಾಲ್ವೆ ಹಾನ್ ಅಂತ ಆರ್ಡರ್ ಮಾಡಿ, ರೈ ಬನ್ನು, ಬೆಣ್ಣೆ, ದಪ್ಪ ಗೌಡಾ ಚೀಸು, ಈರುಳ್ಳಿ, ಸಾಸಿವೆ, ಮಾಂಸಾನೂ ಇಲ್ಲ ಮೊಟ್ಟೇನೂ ಇಲ್ಲ, ಎಲ್ಲಾ ಬ್ರೌಹೌಸಲ್ಲೂ ಇರುತ್ತೆ.

ಒಂದು ಸಂಜೆ ಉಳಿದ್ರೆ ಲೋಕಲ್ ರೈಲಲ್ಲಿ ಅರ್ಧ ಗಂಟೆ ಹೋಗಿ ಡ್ಯುಸೆಲ್‌ಡಾರ್ಫ್‌ನ ಹಳೇ ಊರಿಗೆ. ಅಲ್ಲಿ ಆಲ್ಟ್ ಬಿಯರ್, ತಾಮ್ರದ ಬಣ್ಣ, ಕಹಿ ಜಾಸ್ತಿ. ಕ್ಯೋಲ್ಷ್ ಆಗ್ಲಿ ಆಲ್ಟ್ ಆಗ್ಲಿ ಎರಡೂ ಮೇಲೆ ಹುದುಗೋ ಯೀಸ್ಟಲ್ಲೇ ಮಾಡಿ ಆಮೇಲೆ ತಣ್ಣಗೆ ಇಟ್ಟು ಪಕ್ವ ಮಾಡೋದು, ಆದ್ರೂ ಎರಡೂ ಊರಿಗೆ ಆಗಿಬರಲ್ಲ, ಒಂದ್ ಊರಲ್ಲಿ ಇನ್ನೊಂದ್ ಊರಿನ ಬಿಯರ್ ಹೆಸರೆತ್ತಬಾರ್ದು. ಯೂರಿಗೆ, ಫ್ಯೂಕ್ಸ್‌ಷೆನ್, ಶ್ಲ್ಯೂಸೆಲ್ ಮೂರೂ ಹಳೇ ಊರಲ್ಲೇ ನಡೆಯೋ ದೂರದಲ್ಲಿವೆ, ಶೂಮಾಖರ್ ಸ್ಟೇಷನ್ ಕಡೆಗೆ ಬರುತ್ತೆ, 1838ರಿಂದ ಇರೋದು. ಒಂದೇ ಆರಿಸ್ಕೊಳೋದಾದ್ರೆ ಯೂರಿಗೆ, ಸಂಜೆ ಹೊತ್ತು ಜನ ಗ್ಲಾಸ್ ಹಿಡ್ಕೊಂಡು ಬೀದೀಲೇ ನಿಂತಿರ್ತಾರೆ, ಕಹಿ ಇಷ್ಟಪಡೋವ್ರಿಗೆ ಅಂಥ ಬಿಯರ್ ಕಮ್ಮಿ.

ಕಲ್ಪತರು_ನಾಡು (ತುಮಕೂರು)

ಅಬ್ಬಾ, ಇಷ್ಟೊಂದು ಬರೀತೀರ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬು ಮನಸ್ಸಿನ ಧನ್ಯವಾದ. ಹೆಂಡ್ತಿಗೆ ನಂದಿ ತಪ್ಪಲು ಅವ್ರು ಬರೆದಿದ್ದನ್ನ ಓದಿ ಹೇಳ್ದೆ, ಬುತ್ತಿ ವಿಷ್ಯ ಕೇಳಿ ಅವಳೇ ಈಗ ಲಿಸ್ಟ್ ಮಾಡ್ತಾ ಇದಾಳೆ. ಹೆಫೆವೈಜೆನ್ ಬಗ್ಗೆ ಮಾತ್ರ ಯಾರೂ ಹೇಳ್ಲಿಲ್ಲ, ಅದು ಎಲ್ಲಿ ಕುಡಿಯೋದು? ಮತ್ತೆ ಹಳ್ಳಿ ಬ್ರೂವರಿಗಳಿಗೆ ಹೋಗೋಕೆ ಕಾರ್ ಬಾಡಿಗೆಗೆ ತಗೊಳ್ಳೋಣ ಅಂತ ಸ್ನೇಹಿತ ಅಂತಾ ಇದಾನೆ. ಊರಿಗೆ ಒಂದೆರಡು ಬಾಟಲ್ ತರ್ಬೋದಾ?

ಅಂತರಗಂಗೆ (ಕೋಲಾರ)

ಕಾರ್ ಬೇಡ ಸಾರ್, ದಯವಿಟ್ಟು ಬೇಡ. ಅಲ್ಲಿ ರಕ್ತದಲ್ಲಿ ಆಲ್ಕೊಹಾಲ್ ಲಿಮಿಟ್ 0.5 ಪ್ರೊಮಿಲೆ (ಸಾವಿರಕ್ಕೆ ಅರ್ಧ ಭಾಗ), ನಮ್ಮಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ಅಂದ್ರೆ 0.3ರ ಲೆಕ್ಕ, ಅವ್ರದ್ದು ಸ್ವಲ್ಪ ಜಾಸ್ತಿ ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಕೊಂಡು ಕೂರ್ಬೇಡಿ, 0.3 ದಾಟಿ ಏನಾದ್ರೂ ಅಪಘಾತ ಆದ್ರೆ ಅಲ್ಲೂ ಕ್ರಿಮಿನಲ್ ಕೇಸೇ, ಸೈಕಲ್‌ಗೂ 1.6ಕ್ಕೆ ಲಿಮಿಟ್ ಇದೆ. ಕುಡಿಯೋ ದಿನ ಸ್ಟೀರಿಂಗ್ ಮುಟ್ಟೋದೇ ಬೇಡ. ರೈಲು ಬಸ್ಸು ಅಷ್ಟು ಚೆನ್ನಾಗಿದೆ, ಬಯರ್ನ್ ಟಿಕೆಟ್ ಅಂತ ಒಂದು ದಿನದ ಟಿಕೆಟ್, ಐದು ಜನರ ತನಕ ಒಟ್ಟಿಗೆ ತಗೋಬೋದು, ವಾರದ ದಿನ ಬೆಳಗ್ಗೆ 9ರಿಂದ ಮಾರನೇ ದಿನ ಬೆಳಗಿನಜಾವ 3ರ ತನಕ ಬವೇರಿಯಾದ ಲೋಕಲ್ ರೈಲಲ್ಲಿ ಎಲ್ಲಿ ಬೇಕಾದ್ರೂ ಓಡಾಡಿ, ಐಸಿಇಗೆ ಮಾತ್ರ ನಡೆಯಲ್ಲ. ಹಳ್ಳೀಲಿ ಕೊನೇ ಬಸ್ ಬೇಗ ಹೋಗ್ಬಿಡುತ್ತೆ, ಇಳಿದ ತಕ್ಷಣ ವಾಪಸ್ ಟೈಮ್ ಫೋಟೋ ತೆಕ್ಕೊಂಡು ಇಟ್ಕೊಳಿ.

ಹೆಫೆವೈಜೆನ್‌ಗೆ ಕೆಲ್‌ಹೈಮ್ ಅನ್ನೋ ಊರಿಗೆ ಹೋಗಿ. 1516ರಲ್ಲಿ ಬವೇರಿಯಾದ ದೊರೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕೋಂಗಿಲ್ಲ ಅಂತ ಕಾನೂನು ಮಾಡಿದ್ಮೇಲೆ ಗೋಧಿ ಬಿಯರ್ ಮಾಡೋ ಹಕ್ಕು ಬಹಳ ಕಾಲ ಅರಮನೆಯವ್ರ ಕೈಲೇ ಇತ್ತು, ಆಮೇಲೆ ಜನಕ್ಕೆ ಅದು ಬೇಡ ಆಗ್ತಾ ಬಂತು, ನಿಂತೇ ಹೋಗೋ ಹೊತ್ತಲ್ಲಿ 1872ರಲ್ಲಿ ಗೇಯೋರ್ಗ್ ಶ್ನೈಡರ್ ಅನ್ನೋವ್ರು ಆ ಹಕ್ಕು ತಗೊಂಡು ಉಳಿಸಿದ್ರು. ನೀವು ಬೆಂಗ್ಳೂರಲ್ಲಿ ಕುಡಿದ ಬಿಯರ್ ಇವತ್ತು ಇದೆ ಅಂದ್ರೆ ಅದಕ್ಕೆ ಅವ್ರೂ ಒಬ್ಬ ಕಾರಣ. ಆ ಮನೆತನದ ಶ್ನೈಡರ್ ಬ್ರೂವರಿ ಈಗ ಇರೋದು ಕೆಲ್‌ಹೈಮ್‌ನಲ್ಲೇ, ಜೊತೇಲೇ ಕೂರೋ ಜಾಗಾನೂ ಇದೆ. ಬಾಳೆಹಣ್ಣು ಲವಂಗದ ಆ ಘಮ ಯಾವ ಮಸಾಲೆಯಿಂದಾನೂ ಅಲ್ಲ, ಯೀಸ್ಟಿಂದ ಬರೋದು, ಅಲ್ಲಿ ಕುಡಿದಾಗ ಅದು ಎಷ್ಟು ಹದವಾಗಿದೆ ಅಂತ ನಿಮ್ಗೇ ಗೊತ್ತಾಗುತ್ತೆ.

ಅದೇ ದಿನ ಕೆಲ್‌ಹೈಮ್‌ನಿಂದ ದೋಣಿ ಹತ್ತಿ, ಡ್ಯಾನ್ಯೂಬ್ ನದಿ ಎರಡೂ ಕಡೆ ಸುಣ್ಣಕಲ್ಲಿನ ಬಂಡೆ ಸೀಳ್ಕೊಂಡು ಹೋಗೋ ಜಾಗ ದಾಟಿ ವೆಲ್ಟನ್‌ಬುರ್ಗ್ ಮಠಕ್ಕೆ ಹೋಗಿ, 1050ರಿಂದ ಬಿಯರ್ ಮಾಡ್ತಾ ಇದೀವಿ ಅಂತ ಹೇಳ್ಕೊಳೋ ಮಠ, ಅಂಗಳದಲ್ಲೇ ಕೂತು ಅವರ ಕಪ್ಪು ಬಿಯರ್ ಕುಡೀಬೋದು, ನಿಮ್ ಮನೆಯವ್ರು ಚರ್ಚ್ ಒಳಗಿನ ಕೆಲ್ಸ ನೋಡ್ಲಿ, ಬರೋಕ್ ಶೈಲೀದು, ಬಹಳ ಚೆನ್ನಾಗಿದೆ. ನ್ಯೂರೆಂಬರ್ಗ್‌ನಿಂದ ಕೆಲ್‌ಹೈಮ್‌ಗೆ ಹೋಗೋಕೆ ರೇಗೆನ್ಸ್‌ಬುರ್ಗ್ ತನಕ ರೈಲು, ಅಲ್ಲಿಂದ ಸಾಲ್ ಸ್ಟೇಷನ್ನಿಗೆ ಇನ್ನೊಂದು ರೈಲು, ಆಮೇಲೆ ಬಸ್ಸು.

ಇನ್ನೊಂದು, ಬರೆಯೋಕೇ ಖುಷಿ ಆಗೋ ಜಾಗ. ಜೆಕ್ ಗಡಿ ಕಡೆ ವಿಂಡಿಷ್‌ಎಷನ್‌ಬಾಖ್ ಅಂತ ಚಿಕ್ಕ ಊರು, ವೈಡನ್ ಮೇಲೆ ರೈಲಲ್ಲೇ ಹೋಗ್ಬೋದು. ಅಲ್ಲಿ ಟ್ಸೊಯ್ಗ್ಲ್ ಬಿಯರ್. ಊರಿಗೆಲ್ಲಾ ಒಂದೇ ಬ್ರೂಹೌಸು, ಹಕ್ಕಿರೋ ಮನೆಯವ್ರು ಸರದಿ ಮೇಲೆ ಅಲ್ಲಿ ಸೌದೆ ಉರೀಲಿ ಕಾಯ್ಸಿ, ಮನೆಗೆ ತಗೊಂಡ್ ಹೋಗಿ ತಮ್ಮ ನೆಲಮಾಳಿಗೇಲಿ ಹುದುಗಿಸಿ, ತಮ್ಮ ಮನೆಯಲ್ಲೇ ಕೂರ್ಸಿ ಕೊಡ್ತಾರೆ. ಯಾರ ಸರದಿ ಇದೆಯೋ ಅವ್ರ ಮನೆ ಮುಂದೆ ಕೋಲಿಗೆ ಆರು ಮೂಲೆ ನಕ್ಷತ್ರ ನೇತು ಹಾಕಿರ್ತಾರೆ, ನಕ್ಷತ್ರ ಕಂಡ್ರೆ ಒಳಗೆ ಹೋಗಿ. ಅವ್ರವ್ರ ಮನೆ ಬಿಯರ್ ಅವ್ರವ್ರಿಗೆ ಬೇರೆ ಥರ, ಅಪರಿಚಿತರ ಪಕ್ಕ ಬೆಂಚಲ್ಲಿ ಒತ್ತರಿಸಿ ಕೂತ್ಕೋಬೇಕು, ಭಾಷೆ ಬರದೇ ಇದ್ರೂ ಮಾತಾಡಿಸದೇ ಬಿಡಲ್ಲ. ಯಾವ ವಾರ ಯಾರ ಮನೆ ಅಂತ ಕ್ಯಾಲೆಂಡರ್ ಮೊದಲೇ ಹಾಕಿರ್ತಾರೆ, ಜಾಸ್ತಿ ವಾರದ ಕೊನೇಲೇ ತೆಗೆಯೋದು, ನೋಡ್ಕೊಂಡೇ ಹೋಗಿ. ನಿಮ್ ಒಂದು ವಾರದಲ್ಲಿ ಮ್ಯೂನಿಕ್ ಬಿಟ್ರೂ ಪರವಾಗಿಲ್ಲ, ಇದಕ್ಕೆ ಒಂದು ದಿನ ಕೊಡಿ ಅನ್ನೋದು ನನ್ ಬಲವಾದ ಅಭಿಪ್ರಾಯ.

ಬಾಟಲ್ ತರ್ಬೋದು, ಕಸ್ಟಮ್ಸ್ ಲೆಕ್ಕದಲ್ಲಿ ಒಬ್ರಿಗೆ ಎರಡು ಲೀಟರ್ ತನಕ ಡ್ಯೂಟಿ ಇಲ್ಲ, ಬಿಯರೂ ಅದ್ರಲ್ಲೇ ಸೇರುತ್ತೆ, ಅಂದ್ರೆ ಅರ್ಧ ಲೀಟರಿನ ನಾಲ್ಕು ಬಾಟಲು. ಬಾಂಬರ್ಗ್‌ನಿಂದ ಹೊಗೆ ಬಿಯರ್ ತಗೊಳಿ, ಇಲ್ಲಿ ಸಿಗೋದು ಕಷ್ಟ. ಹ್ಯಾಂಡ್ ಬ್ಯಾಗಲ್ಲಿ ಬಿಡಲ್ಲ, ಚೆಕ್ ಇನ್ ಸೂಟ್‌ಕೇಸ್ ಮಧ್ಯದಲ್ಲಿ ಪ್ಲಾಸ್ಟಿಕ್ ಕವರ್ ಹಾಕಿ ದಪ್ಪ ಬಟ್ಟೇಲಿ ಸುತ್ತಿ ಇಡಿ. ಅಲ್ಲೇ ರೂಮಲ್ಲಿ ಕುಡಿದ ಬಾಟಲ್ ಮಾತ್ರ ಬಿಸಾಕ್ಬೇಡಿ, ಗಾಜಿನ ಬಾಟಲಿಗೆ 8 ಸೆಂಟು, ಕ್ಲಿಪ್ ಮುಚ್ಚಳದ್ದಾದ್ರೆ 15, ಕ್ಯಾನಿಗೆ 25 ಸೆಂಟು ಡೆಪಾಸಿಟ್ ಇರುತ್ತೆ, ಸೂಪರ್‌ಮಾರ್ಕೆಟ್ ಮಷಿನ್‌ಗೆ ಹಾಕಿದ್ರೆ ಚೀಟಿ ಕೊಡುತ್ತೆ, ಅದನ್ನ ಬಿಲ್ ಕೌಂಟರಲ್ಲಿ ಕೊಡಿ.